ಅಕ್ಷತೆ ಬಿದ್ದ ತೋಟಾ

ನನ್ನ ಹೆಂಡತಿಯ ಎಡಗೈಯ ತೋರುಬೆರಳು ಮತ್ತು ನಡುಬೆರಳು ಪೂರ್ತಿ ಮಡಚುವುದಿಲ್ಲ. ಸೀರೆಗೆ ಕುಚ್ಚು ಕಟ್ಟುವವರಿಗೆ ಈ ಎರಡು ಬೆರಳೇ ಮುಖ್ಯ. ಬಲಗೈ ಸೂಜಿ ಓಡಿಸುವಾಗ ಎಡಗೈ ದಾರವನ್ನು ಬಿಗಿಯಾಗಿ ಹಿಡಿದಿರಬೇಕು, ಒಂದಿಷ್ಟು ಸಡಿಲವಾದರೂ ಗಂಟು ಜಾರುತ್ತದೆ. ಎರಿನ್ ಮಿಲ್ಸ್‌ನ ನಮ್ಮ ಮನೆಯಲ್ಲಿ ನವರಾತ್ರಿ ಹತ್ತಿರ ಬಂತೆಂದರೆ ಸೋಫಾದ ಮೇಲೆ ಕೂರಲು ಜಾಗವಿರುತ್ತಿರಲಿಲ್ಲ. ಕೆನಡಾದ ಈ ಮಿಸಿಸಾಗ ಊರಿನ ಕನ್ನಡದ ಹೆಂಗಸರಲ್ಲಿ ಅರ್ಧ ಜನರ ಸೀರೆಗಳು ಅಲ್ಲೇ ಬಿದ್ದಿರುತ್ತಿದ್ದವು. ಈಗ ಸೋಫಾ ಖಾಲಿ ಇದೆ. ನಾನು ಕೈಯಾರೆ ಕಟ್ಟಿದ ಒಂದು ರೈಫಲ್, ಕೈಯಾರೆ ತುಂಬಿದ ಒಂದು ತೋಟಾ, ಇವೆರಡರಿಂದ ಹೀಗಾಯಿತು ಎಂದು ಎಲ್ಲರಿಗೂ ಗೊತ್ತು. ಇನ್ನೂ ಒಂದು ಕಾರಣವಿತ್ತು. ಅದನ್ನು ಬಾಯಿಬಿಟ್ಟು ಹೇಳುವುದಕ್ಕೆ ನನಗೆ ಒಂದು ವರ್ಷ ಬೇಕಾಯಿತು.

ನಾನು ಬೆಂಗಳೂರಿನ ಪೀಣ್ಯದ ಟೂಲ್‌ರೂಮಿನಲ್ಲಿ ಕೆಲಸ ಕಲಿತವನು. ಅಲ್ಲಿ ಒಂದು ಡೈ, ಅಂದರೆ ಉಕ್ಕಿನ ಅಚ್ಚು, ಮಾಡಬೇಕೆಂದರೆ ಉಕ್ಕಿನ ಗಟ್ಟಿಯನ್ನು ಕತ್ತರಿಸುವುದರಿಂದ ಕೊನೆಯ ಪಾಲಿಶ್‌ವರೆಗೆ ಎಲ್ಲ ಒಬ್ಬನದೇ ಕೆಲಸ. ವುಡ್‌ಬ್ರಿಡ್ಜಿನ ಕಾರ್ಖಾನೆಗೆ, ಅಂದರೆ ಕೆನಡಾಕ್ಕೆ, ಬಂದ ಮೇಲೆ ನನ್ನ ಪಾಲಿಗೆ ಒಂದು ಹಸಿರು ಗುಂಡಿ ಉಳಿಯಿತು. ಅದನ್ನು ಒತ್ತಬೇಕು, ಯಂತ್ರ ನಿಂತಾಗ ಬಾಗಿಲು ತೆಗೆದು ಭಾಗವನ್ನು ಹೊರಗೆ ತೆಗೆಯಬೇಕು, ಅಳೆಯಬೇಕು, ಇನ್ನೊಂದನ್ನು ಕೂರಿಸಿ ಮತ್ತೆ ಗುಂಡಿ ಒತ್ತಬೇಕು. ಆ ಭಾಗ ಎಲ್ಲಿಗೆ ಹೋಗುತ್ತದೆ, ಏನಾಗುತ್ತದೆ ಎಂದು ಕೇಳಿದರೆ ಸೂಪರ್‌ವೈಸರಿಗೂ ಗೊತ್ತಿರಲಿಲ್ಲ. ಹತ್ತು ವರ್ಷ ಹೀಗೇ ಕಳೆದೆ. ಸ್ವಭಾವತಃ ಮುಂಗೋಪಿ ನಾನು. ಆ ಹತ್ತು ವರ್ಷದಲ್ಲಿ ಕೋಪ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಪಕ್ಕದ ಯಂತ್ರದಲ್ಲಿ ಒಬ್ಬ ಇಟಲಿಯ ಮುದುಕ ಇದ್ದ, ನಿವೃತ್ತಿಗೆ ಹತ್ತಿರವಾಗಿದ್ದವನು. ಪ್ರತಿ ನವೆಂಬರಿನಲ್ಲಿ ರಜೆ ಹಾಕಿ ಜಿಂಕೆ ಬೇಟೆಗೆ ಉತ್ತರಕ್ಕೆ ಹೋಗುತ್ತಿದ್ದ. ತನ್ನ ತೋಟಾಗಳನ್ನು ತಾನೇ ತುಂಬಿಕೊಳ್ಳುತ್ತೇನೆ, ಅಂಗಡಿಯದ್ದನ್ನು ಮುಟ್ಟುವುದಿಲ್ಲ ಎಂದು ಒಂದು ದಿನ ಊಟದ ಹೊತ್ತಿನಲ್ಲಿ ಹೇಳಿದ. ಒಂದು ಶನಿವಾರ ತನ್ನ ಗ್ಯಾರೇಜಿಗೆ ಕರೆದ. ಬೆಂಚಿನ ಮೇಲೆ ಒಂದು ಪುಟ್ಟ ಕೈಪ್ರೆಸ್ಸು, ತಕ್ಕಡಿ, ತೋಟಾದ ಹೊರಕವಚವಾದ ಹೊಳೆಯುವ ಹಿತ್ತಾಳೆ ಕೇಸುಗಳು, ಎಲ್ಲ ಅಚ್ಚುಕಟ್ಟು. ಒಂದು ಕೂದಲೆಳೆಯ ಅಳತೆಗೂ ಅಲ್ಲಿ ಬೆಲೆಯಿತ್ತು. ಪೀಣ್ಯ ಬಿಟ್ಟ ಮೇಲೆ ಮೊದಲ ಸಲ ನನಗೆ ಹೊಟ್ಟೆಕಿಚ್ಚಾಯಿತು.

ಬಂದೂಕಿನ ಲೈಸೆನ್ಸಿಗೆ ಎರಡು ದಿನದ ಕೋರ್ಸು ಮುಗಿಸಿ ಪರೀಕ್ಷೆ ಪಾಸು ಮಾಡಿದೆ. ಆಗ 2015. ಅರ್ಜಿಯಲ್ಲಿ ಹೆಂಡತಿಯ ಸಹಿಗೂ ಒಂದು ಜಾಗವಿತ್ತು. ಅವಳು ಕುಚ್ಚಿನ ದಾರ ಕೆಳಗಿಟ್ಟು ಇಡೀ ಅರ್ಜಿಯನ್ನು ನಿಧಾನವಾಗಿ ಓದಿದಳು. ಹಿಂದಿನ ಕೆಲವು ವರ್ಷಗಳಲ್ಲಿ ಖಿನ್ನತೆ ಇತ್ತೆ, ಕೆಲಸ ಹೋಗಿತ್ತೆ, ಮನೆಯಲ್ಲಿ ಜಗಳವಿತ್ತೆ ಎಂಬಂಥ ಪ್ರಶ್ನೆಗಳು. ಇದು ಯಾತಕ್ಕೆ ಬೇಕು ಎಂದು ಕೇಳಿದಳು. ಒಂದಾದರೂ ವಸ್ತುವನ್ನು ಪೂರ್ತಿ ನಾನೇ ಮಾಡಬೇಕು ಎಂದೆ. ಹಾಗಾದರೆ ಕುರ್ಚಿ ಮಾಡಿ ಎಂದಳು. ನಾನು ಮುಖ ಗಂಟು ಹಾಕಿಕೊಂಡು ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಬೆಳಿಗ್ಗೆ ಅರ್ಜಿ ಡೈನಿಂಗ್ ಟೇಬಲ್ ಮೇಲಿತ್ತು, ಸಹಿಯಾಗಿತ್ತು.

ರೈಫಲ್ ಕಟ್ಟಲು ಒಂದೂವರೆ ವರ್ಷ ತಗುಲಿತು. ನಡುಭಾಗವನ್ನು, ಅಂದರೆ ರಿಸೀವರನ್ನು, ಕಾಗದಪತ್ರದ ಸಮೇತ ಅಂಗಡಿಯಿಂದ ತಂದೆ. ನಳಿಗೆ ಇನ್ನೊಂದು ಕಡೆಯಿಂದ ಬಂತು. ಟ್ರಿಗರನ್ನು ಆರಿಸುವುದಕ್ಕೇ ಒಂದು ಚಳಿಗಾಲ ಹೋಯಿತು. ಭುಜಕ್ಕೆ ಒರಗಿಸುವ, ನಳಿಗೆಯ ಕೆಳಗೂ ಚಾಚಿಕೊಂಡಿರುವ ಮರದ ಭಾಗವನ್ನು ಮಾತ್ರ ಅಂಗಡಿಯಿಂದ ತರಲಿಲ್ಲ. ವಾಲ್‌ನಟ್ ಹಲಗೆ ತಂದು ಬೇಸ್‌ಮೆಂಟಿನಲ್ಲಿ ಮನೆ ಬೆಚ್ಚಗಿಡುವ ಫರ್ನೇಸಿನ ಪಕ್ಕ ಕೂತು ಉಜ್ಜಿ ಉಜ್ಜಿ ಮಾಡಿದೆ. ಅರೆ ಸ್ವಯಂಚಾಲಿತ ರೈಫಲ್ ಅದು. ಒಂದು ಗುಂಡು ಹಾರಿದ ರಭಸದಲ್ಲೇ ಖಾಲಿ ಕೇಸನ್ನು ಹೊರಗೆ ಎಸೆದು ಮುಂದಿನ ತೋಟಾವನ್ನು ತಾನೇ ಒಳಗೆಳೆದುಕೊಳ್ಳಬೇಕು. ನನ್ನದು ಹತ್ತಕ್ಕೆ ಒಂದು ಸಲ ಆ ಕೆಲಸ ಮರೆಯುತ್ತಿತ್ತು. ಖಾಲಿ ಕೇಸನ್ನು ಬಾಯಲ್ಲೇ ಇಟ್ಟುಕೊಂಡು ಸುಮ್ಮನಾಗುತ್ತಿತ್ತು. ಆಗ ನಾನು ತೋಟಾವನ್ನು ಒಳಗೆ ತಳ್ಳುವ ಅಗುಳಿಯ, ಅಂದರೆ ಬೋಲ್ಟಿನ, ಹಿಡಿ ಹಿಡಿದು ಹಿಂದಕ್ಕೆಳೆದು ಬಿಡುತ್ತಿದ್ದೆ, ಮತ್ತೆ ಸರಿಯಾಗುತ್ತಿತ್ತು. ಮುದುಕ ಅದನ್ನು ನೋಡಿ, ಮೊದಲು ಈ ರೋಗ ಗುಣಪಡಿಸು, ಆಮೇಲೆ ಬೇರೆ ಕೆಲಸ ಎಂದ. ನೋಡೋಣ ಎಂದೆ. ಗುಣಪಡಿಸಲಿಲ್ಲ, ಎಳೆದು ಬಿಡುವುದು ಅಭ್ಯಾಸವಾಯಿತು.

ತೋಟಾ ತುಂಬುವುದನ್ನು ಆ ಮುದುಕನಿಂದಲೇ ಕಲಿತೆ. ಹಾರಿಸಿ ಬಿದ್ದ ಹಿತ್ತಾಳೆ ಕೇಸನ್ನು ಶುಚಿ ಮಾಡಿ, ಅಳತೆಗೆ ತಂದು, ಬುಡಕ್ಕೆ ಕಿಡಿ ಕೊಡುವ ಹೊಸ ಕ್ಯಾಪು ಕೂರಿಸಿ, ಮದ್ದು ತೂಗಿ ಸುರಿದು, ಮೇಲೆ ಗುಂಡು ಒತ್ತಬೇಕು. ಹೇಳುವುದಕ್ಕೆ ಇಷ್ಟೇ. ಅವನು ಎರಡು ಮಾತನ್ನು ಮಾತ್ರ ಮತ್ತೆ ಮತ್ತೆ ಹೇಳುತ್ತಿದ್ದ. ಗುಂಡು ಕೂರಿಸುವ ಮುಂಚೆ ಪ್ರತಿಯೊಂದು ಕೇಸಿನೊಳಗೂ ಟಾರ್ಚು ಬಿಟ್ಟು ಕಣ್ಣಾರೆ ನೋಡು, ಇದು ಮೊದಲನೆಯದು. ಹಾರಿಸುವಾಗ ಶಬ್ದ ಒಂದಿಷ್ಟು ಬೇರೆ ಬಂದರೂ ಕೈ ತೆಗೆದುಬಿಡು, ಬಿಚ್ಚಿ ನಳಿಗೆಯೊಳಗೆ ನೋಡುವವರೆಗೆ ಇನ್ನೊಂದು ಗುಂಡು ಬೇಡ, ಇದು ಎರಡನೆಯದು. ಮದ್ದಿಲ್ಲದ ತೋಟಾ ಬರೀ ಕ್ಯಾಪಿನ ಬಲಕ್ಕೆ ಗುಂಡನ್ನು ನಳಿಗೆಯ ಅರ್ಧಕ್ಕೆ ತಳ್ಳಿ ಬಿಡುತ್ತದೆ, ಹಿಂದಿನಿಂದ ಇನ್ನೊಂದು ಬಂದರೆ ನಳಿಗೆ ಸಿಡಿಯುತ್ತದೆ ಎಂದು ಬೆರಳುಗಳನ್ನು ಬಿಚ್ಚಿ ತೋರಿಸಿದ್ದ. ನನಗೆ ಅವನು ಅದನ್ನು ನಾಲ್ಕನೆಯ ಸಲ ಹೇಳಿದಾಗ ರೇಗಿತ್ತು. ದಿನವಿಡೀ ಅಳೆಯುವ ಕಣ್ಣು ನನ್ನದು, ನನಗೇ ಪಾಠವೇ ಅನ್ನಿಸಿತ್ತು.

2017ರ ಆಯುಧಪೂಜೆಯ ದಿನ ನಾನು ಬೇಸ್‌ಮೆಂಟಿನಲ್ಲಿ ಐವತ್ತು ಕೇಸುಗಳನ್ನು ತೂತುಗಳಿರುವ ಮರದ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ ಮದ್ದು ತುಂಬಿ ಮುಗಿಸಿದ್ದೆ. ಟಾರ್ಚು ಬಿಟ್ಟು ನೋಡಿಯೂ ಆಗಿತ್ತು, ಗುಂಡು ಕೂರಿಸುವುದು ಬಾಕಿಯಿತ್ತು. ಅಷ್ಟರಲ್ಲಿ ಮೇಲಿನಿಂದ ಪೂಜೆಗೆ ಕರೆ ಬಂತು. ಪೀಣ್ಯದಲ್ಲಿ ಆಯುಧಪೂಜೆ ಅಂದರೆ ಯುಗಾದಿಗಿಂತ ದೊಡ್ಡ ಹಬ್ಬ. ಯಂತ್ರಗಳನ್ನೆಲ್ಲ ತೊಳೆದು, ಕುಂಕುಮ ಹಚ್ಚಿ, ಬಾಗಿಲಲ್ಲಿ ಬೂದುಗುಂಬಳ ಒಡೆದು, ಮರುದಿನದವರೆಗೆ ಒಂದು ಸ್ಪ್ಯಾನರನ್ನೂ ಮುಟ್ಟುತ್ತಿರಲಿಲ್ಲ. ಕೆಲಸ ಅರ್ಧಕ್ಕೆ ನಿಂತಿದ್ದರೆ ಅರ್ಧದಲ್ಲೇ ಪೂಜೆಗೆ ಕೂರುತ್ತಿತ್ತು. ಹಾಗೆಯೇ ನಾನು ಎಲ್ಲವನ್ನೂ ಬೆಂಚಿನ ಮೇಲೆ ಜೋಡಿಸಿದೆ. ರೈಫಲ್, ಪ್ರೆಸ್ಸು, ತಕ್ಕಡಿ, ಅಳತೆ ತೆಗೆಯುವ ನನ್ನ ವರ್ನಿಯರ್, ಅವಳ ಸೂಜಿಡಬ್ಬಿ, ಕಾರಿನ ಕೀಲಿ. ಮದ್ದು ತುಂಬಿದ ಹಲಗೆಯನ್ನೂ ಅದರಲ್ಲೇ ಇಟ್ಟೆ, ಮುಚ್ಚದೆ.

ಮದ್ದಿದೆ ಎಂದು ದೀಪವನ್ನೂ ಊದುಬತ್ತಿಯನ್ನೂ ಮೇಲೆ ದೇವರ ಮುಂದೆಯೇ ಬಿಟ್ಟು ಬರಲು ಹೇಳುವಷ್ಟು ಬುದ್ಧಿ ನನಗಿತ್ತು. ಅವಳು ಅರಿಶಿನ ಕುಂಕುಮ ಮತ್ತು ಅಕ್ಷತೆಯ ತಟ್ಟೆ ಮಾತ್ರ ತಂದಳು. ಹೊಸ ಹಸಿರು ಗಾಜಿನ ಬಳೆ ಹಾಕಿಕೊಂಡಿದ್ದಳು. ಇದರ ಮೇಲೂ ಹಾಕಬೇಕಾ ಎಂದು ಹಲಗೆಯನ್ನು ತೋರಿಸಿ ಕೇಳಿದಳು. ಹಾಕು, ಅದೇನು ಪಾಪ ಮಾಡಿದೆ ಎಂದು ನಕ್ಕೆ. ಅವಳು ಹಾಕಿದಳು. ಅಕ್ಷತೆ ಹಿತ್ತಾಳೆಗೆ ತಾಗಿ ಸಣ್ಣ ಸದ್ದು ಮಾಡಿತು.

ಮರುದಿನ ವಿಜಯದಶಮಿ. ಬೆಂಚಿಗೆ ಬಂದು ನೋಡಿದರೆ ಮೂರು ಕೇಸುಗಳೊಳಗೆ ಅರಿಶಿನದ ಅಕ್ಕಿಕಾಳು ಬಿದ್ದಿತ್ತು. ಮೂರರ ಮದ್ದನ್ನೂ ಒಂದು ಡಬ್ಬಿಯ ಮುಚ್ಚಳಕ್ಕೆ ಸುರಿದೆ, ಕೇಸುಗಳನ್ನು ಮತ್ತೆ ಹಲಗೆಯಲ್ಲಿಟ್ಟೆ. ಎರಡಕ್ಕೆ ಹೊಸದಾಗಿ ತೂಗಿ ತುಂಬಿದ್ದೆ, ಅಷ್ಟರಲ್ಲಿ ಒಬ್ಬಟ್ಟು ಬಿಸಿ ಇದೆ ಬನ್ನಿ ಎಂದು ಅವಳು ಕರೆದಳು. ಹೋದೆ, ಮೂರು ಒಬ್ಬಟ್ಟು ತಿಂದೆ, ಬಂದು ಗುಂಡು ಕೂರಿಸಲು ಶುರುಮಾಡಿದೆ. ಟಾರ್ಚು ಬಿಟ್ಟು ಎರಡು ಸಾಲು ನೋಡಿದೆ. ಉಳಿದದ್ದು ನಿನ್ನೆಯೇ ನೋಡಿದ್ದಲ್ಲವೆ ಅನ್ನಿಸಿ ಟಾರ್ಚು ಆರಿಸಿದೆ. ನಿನ್ನೆ ನೋಡಿದ್ದು ನಿಜ. ಮುಚ್ಚಳದಲ್ಲಿದ್ದ ಮದ್ದನ್ನು ಹಿತ್ತಲ ಮಣ್ಣಿಗೆ ಚೆಲ್ಲಿ ಬಂದೆ.

ಎರಡು ವಾರ ಬಿಟ್ಟು ಒಂದು ಭಾನುವಾರ ಅವಳನ್ನು ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋದೆ. ಅತಿಥಿಯಾಗಿ ಬಂದವರು ಸದಸ್ಯರ ಮೇಲ್ವಿಚಾರಣೆಯಲ್ಲಿ ಹಾರಿಸಬಹುದಿತ್ತು. ಅವಳಿಗೆ ಬರುವ ಮನಸ್ಸಿರಲಿಲ್ಲ, ದೀಪಾವಳಿಗೆ ಕೊಡಬೇಕಾದ ಸೀರೆಗಳಿದ್ದವು. ನಾನೇ ಹಟ ಹಿಡಿದೆ. ನಾನು ಮಾಡಿದ್ದನ್ನು ಮನೆಯವಳೇ ನೋಡದಿದ್ದರೆ ಇನ್ಯಾರು ನೋಡುತ್ತಾರೆ ಎಂದೆ. ಹೈವೇ ಪಕ್ಕದ ಮರಗಳೆಲ್ಲ ಕೆಂಪಾಗಿದ್ದವು. ಬಳೆ ತೆಗೆದು ಬರಬೇಕಿತ್ತೇನೋ ಎಂದು ದಾರಿಯಲ್ಲಿ ಕೇಳಿದಳು. ಪರವಾಗಿಲ್ಲ ಎಂದೆ.

ಕ್ಲಬ್ಬಿನಲ್ಲಿ ಕನ್ನಡಕ, ಕಿವಿಗೆ ಮುಚ್ಚಳ ಎಲ್ಲ ಹಾಕಿಸಿದೆ. ಎಡಗೈಯನ್ನು ರೈಫಲಿನ ಮರದ ಭಾಗದ ಕೆಳಗೆ, ತೋಟಾಪೆಟ್ಟಿಗೆಯ, ಅಂದರೆ ಮ್ಯಾಗಜೀನಿನ, ಮುಂದೆ ಹೇಗೆ ಇಡಬೇಕೆಂದು ನಾನೇ ಅವಳ ಬೆರಳು ಹಿಡಿದು ತೋರಿಸಿದೆ. ಪೆಟ್ಟಿಗೆಯಲ್ಲಿ ಐದು ತೋಟಾ. ಮೊದಲನೆಯದಕ್ಕೆ ಬೆಚ್ಚಿದಳು. ಎರಡನೆಯದು ಗುರಿಹಲಗೆಯ ಅಂಚಿಗೆ ಬಿತ್ತು, ನನ್ನ ಕಡೆ ತಿರುಗಿ ನಕ್ಕಳು. ಇನ್ನೊಂದು ಹಾರಿಸು ಎಂದು ನಾನು ದುರ್ಬೀನಿಗೆ ಕಣ್ಣಿಟ್ಟೆ. ಮೂರನೆಯದು ಗುರಿಹಲಗೆಗೆ ಬೀಳಲೇ ಇಲ್ಲ. ತಲೆಯೆತ್ತಿ ನೋಡಿದರೆ ಅವಳು ರೈಫಲನ್ನು ಬೆಂಚಿನ ಮೇಲಿಟ್ಟು, ಒಂದು ಕಿವಿಯ ಮುಚ್ಚಳ ಸರಿಸಿ ಕೂತಿದ್ದಳು.

"ಶಬ್ದ ಬೇರೆ ಥರ ಬಂತು ರೀ," ಅಂದಳು. "ಬರೀ ಟುಸ್ ಅಂತು."

"ಏನಿಲ್ಲ, ಇದಕ್ಕೆ ಆಗಾಗ ಹಿಂಗಾಗುತ್ತೆ."

"ಸಾಕು ಬಿಡಿ. ಇನ್ನೊಂದ್ ದಿನ ಹೊಡೀತೀನಿ."

ನಾನು ಬೋಲ್ಟಿನ ಹಿಡಿಯನ್ನು ಹಿಂದಕ್ಕೆಳೆದೆ. ಖಾಲಿ ಕೇಸು ಹಾರಿ ಬಿತ್ತು. ಬಿಟ್ಟೆ, ನಾಲ್ಕನೆಯ ತೋಟಾ ಒಳಗೆ ಹೋಯಿತು. ಮುದುಕನ ಮಾತು ಆ ಹೊತ್ತಿಗೆ ನೆನಪಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ನೆನಪಾಯಿತು. ಆದರೆ ಪಕ್ಕದ ಬೆಂಚಿನಲ್ಲಿ ಇಬ್ಬರು ನಮ್ಮನ್ನೇ ನೋಡುತ್ತಿದ್ದರು. ನಾನು ಮಾಡಿದ ರೈಫಲನ್ನು ಅವರೆದುರು ಬಿಚ್ಚಿ, ಕೆಟ್ಟುಹೋಗಿದೆ ಎಂದು ತೋರಿಸಲು ನನಗೆ ಮನಸ್ಸಾಗಲಿಲ್ಲ.

"ಇನ್ನೆರಡೇ ಇರೋದು. ಹೊಡಿ ಕಣೇ, ಜನ ನೋಡ್ತಿದಾರೆ."

ಅವಳು ಕಿವಿಯ ಮುಚ್ಚಳ ಸರಿಮಾಡಿಕೊಂಡು ಹೊಡೆದಳು.

ತೋಟಾಪೆಟ್ಟಿಗೆ ಕೆಳಗೆ ಕಿತ್ತು ಹೋಗಿತ್ತು. ನಳಿಗೆ ಬುಡದ ಹತ್ತಿರ ಸೀಳಿತ್ತು. ನಾನು ಉಜ್ಜಿ ಮಾಡಿದ ವಾಲ್‌ನಟ್ ಮರ ಚೂರುಚೂರಾಗಿ ಅವಳ ಎಡಗೈಯೊಳಗೆ ಹೊಕ್ಕಿತ್ತು. ಕನ್ನಡಕ ಇದ್ದುದರಿಂದ ಕಣ್ಣು ಉಳಿಯಿತು. ಅವಳು ಕಿರುಚಲಿಲ್ಲ. ಕೈಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದಳು. ಪಕ್ಕದ ಬೆಂಚಿನವರೇ ಓಡಿ ಬಂದು ಬಟ್ಟೆ ಕಟ್ಟಿದರು. ನಾನು ರೈಫಲನ್ನು ಹಿಡಿದುಕೊಂಡು ನಿಂತಿದ್ದೆನಂತೆ, ಆಮೇಲೆ ಯಾರೋ ಹೇಳಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಗಾಯದಿಂದ ಹಸಿರು ಚೂರುಗಳನ್ನು ಚಿಮಟದಲ್ಲಿ ಎತ್ತಿ ಬಟ್ಟಲಿಗೆ ಹಾಕುತ್ತ, ಇದು ಬಂದೂಕಿನ ಯಾವ ಭಾಗ ಎಂದು ಕೇಳಿದರು. ಬಳೆ ಎಂದೆ. ಎರಡು ಬೆರಳಿನ ಸ್ನಾಯುರಜ್ಜು ತುಂಡಾಗಿದೆ, ಹೊಲಿಯಬಹುದು, ಮೊದಲಿನಂತಾಗುತ್ತದೆ ಎಂದು ಮಾತು ಕೊಡಲಾರೆ ಎಂದರು. ಅವಳು ಕೇಳಿದ್ದು ಒಂದೇ ಪ್ರಶ್ನೆ, ಸೂಜಿ ದಾರದ ಕೆಲಸ ಮಾಡಬಹುದೇ ಎಂದು. ಡಾಕ್ಟರು ನನ್ನ ಮುಖ ನೋಡಿದರು.

ಕ್ಲಬ್ಬಿನ ಅಧಿಕಾರಿ ಅಲ್ಲಿಗೇ ಬಂದು ವಿಚಾರಿಸಿದ. ಹಿಂದಿನ ಗುಂಡಿನ ಶಬ್ದದಲ್ಲಿ ವ್ಯತ್ಯಾಸ ಯಾರಿಗಾದರೂ ಗೊತ್ತಾಯಿತೇ ಎಂದು ಕೇಳಿದ. ಇಲ್ಲ, ಅವಳು ಹೊಸಬಳು, ಅವಳಿಗೆ ತಿಳಿಯುವುದಿಲ್ಲ ಎಂದು ಹೇಳಿಬಿಟ್ಟೆ. ನಾವು ನಿಂತಿದ್ದ ಜಾಗಕ್ಕೂ ಅವಳ ಮಂಚಕ್ಕೂ ನಡುವೆ ಒಂದು ಪರದೆ ಮಾತ್ರ ಇತ್ತು. ಅವನು ಬರೆದುಕೊಂಡು ಹೋದ. ಪರದೆ ಸರಿಸಿದರೆ ಅವಳು ಎಚ್ಚರವಾಗಿಯೇ ಇದ್ದಳು.

ಉಳಿದ ತೋಟಾಗಳನ್ನೆಲ್ಲ ಬೇಸ್‌ಮೆಂಟಿನಲ್ಲಿ ಒಂದೊಂದಾಗಿ ಬಿಚ್ಚಿ ತೂಗಿದೆ. ಎಲ್ಲದರಲ್ಲೂ ಮದ್ದು ಸರಿಯಾಗಿತ್ತು. ಅಕ್ಷತೆ ಬಿದ್ದು ನಾನು ಸುರಿದ ಮೂರರಲ್ಲಿ ಒಂದಕ್ಕೆ ಮತ್ತೆ ತುಂಬುವುದನ್ನು ಮರೆತಿದ್ದೆ ಎಂಬುದು ಆಗ ಖಾತ್ರಿಯಾಯಿತು. ತುಮಕೂರಿನಿಂದ ಅತ್ತೆ ಫೋನ್ ಮಾಡಿ, ಇದು ಹೇಗಾಯಿತು ಎಂದು ಅಳುತ್ತ ಕೇಳಿದಾಗ, ಪೂಜೆಯ ಅಕ್ಷತೆ ತೋಟಾದೊಳಗೆ ಬಿದ್ದಿತ್ತು ಅತ್ತೆ, ಅದರಿಂದ ಹೀಗಾಯಿತು ಎಂದೆ. ಪೂರ್ತಿ ಸುಳ್ಳಲ್ಲ ಅದು. ಅದಕ್ಕೇ ಅಷ್ಟು ಸಲೀಸಾಗಿ ಬಾಯಿಗೆ ಬಂತು.

ಅವಳಿಗೆ ಕುಚ್ಚು ಕಟ್ಟಲು ಕಲಿಸಿದ್ದೇ ಆ ಅತ್ತೆ. ಮಗಳ ಕೈ ಹೋದದ್ದು ಅವರಿಗೆ ತಮ್ಮ ಕೈ ಹೋದಂತೆಯೇ ಆಗಿತ್ತು. ಪ್ರತಿ ಭಾನುವಾರ ಫೋನಿನಲ್ಲಿ ಅದೇ ಮಾತು. ದೇವರ ಅಕ್ಷತೆಯನ್ನು ಹೋಗಿ ಹೋಗಿ ಕೋವಿಯ ಮೇಲೆ ಹಾಕಿದೆಯಲ್ಲೇ, ನಿನಗೆ ಬುದ್ಧಿ ಬೇಡವೇ, ಕೈಯಾರೆ ತಂದುಕೊಂಡೆ ಎಂದು ಬೈಯುತ್ತಿದ್ದರು. ಅವಳು ಹೂಂ ಹೂಂ ಅನ್ನುತ್ತ ಎಡಗೈಯಲ್ಲಿ ಫಿಸಿಯೋಥೆರಪಿಯವರು ಕೊಟ್ಟ ಹಿಟ್ಟಿನಂಥ ಉಂಡೆಯನ್ನು ಹಿಸುಕಲು ಪ್ರಯತ್ನಿಸುತ್ತಿದ್ದಳು. ನಾನು ಟಿವಿಯ ವಾಲ್ಯೂಮ್ ಹೆಚ್ಚು ಮಾಡುತ್ತಿದ್ದೆ. ನಾಚಿಕೆಗೆಟ್ಟವನು ಎಂದು ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ, ಮುಂದಿನ ಭಾನುವಾರ ಮತ್ತೆ ವಾಲ್ಯೂಮ್ ಹೆಚ್ಚು ಮಾಡುತ್ತಿದ್ದೆ.

ಒಡೆದ ರೈಫಲನ್ನು ನಾಶಮಾಡಲು ಪೊಲೀಸರಿಗೆ ಒಪ್ಪಿಸಿದೆ. ಮುದುಕ ನಡೆದದ್ದನ್ನೆಲ್ಲ ಕೇಳಿ, ಶಬ್ದ ಹೇಗಿತ್ತು ಎಂದು ಒಂದೇ ಪ್ರಶ್ನೆ ಕೇಳಿದ. ಗಮನಿಸಲಿಲ್ಲ ಎಂದೆ. ಅವನು ತನ್ನ ಯಂತ್ರದ ಕಡೆ ತಿರುಗಿಕೊಂಡ. ನಿವೃತ್ತಿಯ ದಿನ ಎಲ್ಲರ ಕೈಕುಲುಕಿದವನು ನನ್ನ ಯಂತ್ರದ ಹತ್ತಿರ ಬರಲಿಲ್ಲ.

ಚಳಿಗಾಲವೆಲ್ಲ ಅವಳು ಕುಚ್ಚು ಕಟ್ಟಲು ನೋಡಿದಳು. ದಾರವನ್ನು ಬಟ್ಟೆಯ ಕ್ಲಿಪ್ಪಿಗೆ ಸಿಕ್ಕಿಸಿದಳು, ಕುರ್ಚಿಯ ಕಾಲಿಗೆ ಕಟ್ಟಿದಳು, ಕಾಲಿನ ಹೆಬ್ಬೆರಳಿಗೂ ಸುತ್ತಿಕೊಂಡಳು. ಒಂದು ಸೀರೆಗೆ ಮೂರು ವಾರ ಹಿಡಿಯಿತು, ಗಂಟುಗಳು ಏರುಪೇರಾದವು. ಸೀರೆಯವರು ಚೆನ್ನಾಗಿದೆ ಎಂದು ಹೇಳಿ ತೆಗೆದುಕೊಂಡು ಹೋದರು, ಮತ್ತೆ ತರಲಿಲ್ಲ. ಅವಳು ಸೂಜಿಡಬ್ಬಿ ಮುಚ್ಚಿ ಕಪಾಟಿನ ಮೇಲಿಟ್ಟಳು.

ಬೇಸಿಗೆಯಲ್ಲಿ ಪರಿಚಯದವರ ಮಗಳ ಮದುವೆ. ಹಾಲ್‌ನಲ್ಲಿ ಎಲ್ಲರ ಕೈಗೂ ಅಕ್ಷತೆ ಹಂಚಿದರು. ಮಾಂಗಲ್ಯಧಾರಣೆಯ ಹೊತ್ತಿಗೆ ಎಲ್ಲರೂ ಎದ್ದು ಅಕ್ಷತೆ ಹಾಕಿದರು. ಇವಳು ಬಲಗೈಯನ್ನು ಮುಷ್ಟಿ ಕಟ್ಟಿಕೊಂಡು ನಿಂತೇ ಇದ್ದಳು. ಗಲಾಟೆಯೆಲ್ಲ ಮುಗಿದ ಮೇಲೆ ಪರ್ಸ್ ತೆಗೆದು, ಅಕ್ಷತೆಯನ್ನು ಅದರೊಳಗೆ ಸುರಿದುಕೊಂಡು ಜಿಪ್ ಎಳೆದಳು. ಏಕೆ ಹಾಕಲಿಲ್ಲ ಎಂದು ನಾನು ಕೇಳಲಿಲ್ಲ.

2018ರ ಆಯುಧಪೂಜೆಗೆ ನನ್ನದು ಮಧ್ಯಾಹ್ನದ ಶಿಫ್ಟು. ಬೆಳಿಗ್ಗೆ ಡೈನಿಂಗ್ ಟೇಬಲ್ ಮೇಲೆ ವರ್ನಿಯರ್, ಕಾರಿನ ಕೀಲಿ, ಅಡಿಗೆಮನೆಯ ಚಾಕು ಇಟ್ಟೆ. ಕಪಾಟಿನ ಮೇಲಿದ್ದ ಸೂಜಿಡಬ್ಬಿಯನ್ನೂ ಇಳಿಸಿ ಧೂಳು ಒರೆಸಿ ಇಟ್ಟೆ. ಅವಳು ಅರಿಶಿನ ಕುಂಕುಮ ಹಚ್ಚಿದಳು. ಅಕ್ಷತೆಯ ತಟ್ಟೆಯನ್ನು ನನ್ನ ಕಡೆ ಚಾಚಿದಳು.

"ನೀವೇ ಹಾಕಿ."

ತಟ್ಟೆ ತೆಗೆದುಕೊಂಡೆ. ಅಕ್ಷತೆಯಿಂದ ಆಗಿದ್ದಲ್ಲ ಅದು, ನೀನು ಶಬ್ದ ಬೇರೆ ಬಂತು ಅಂದೆ, ಬೇಡ ಅಂದೆ, ನಾನೇ ಹೊಡಿ ಅಂದೆ ಎಂದು ಒಂದೇ ಉಸಿರಿಗೆ ಹೇಳಿದೆ. ಅತ್ತುಬಿಟ್ಟೆ ಕೂಡ. ಅವಳು ಅಳಲಿಲ್ಲ.

"ನಂಗೆ ಗೊತ್ತಲ್ಲ," ಅಂದಳು. "ನಂಗ್ಯಾಕೆ ಹೇಳ್ತೀರಿ? ಅಮ್ಮನಿಗೆ ಹೇಳಿ."

ತುಮಕೂರಿನಲ್ಲಿ ಆಗ ಸಂಜೆ. ಅವಳೇ ನಂಬರು ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಸೂಜಿಡಬ್ಬಿಯ ಪಕ್ಕ ಇಟ್ಟಳು. ಅತ್ತೆ ಹಬ್ಬದ ಅಡಿಗೆ ಆಯಿತೇ ಎಂದು ವಿಚಾರಿಸಿದರು. ನಾನು ಹೇಳಬೇಕಾದದ್ದನ್ನು ಹೇಳಿದೆ, ಶಬ್ದದ ವಿಷಯವನ್ನೂ ಜನ ನೋಡುತ್ತಿದ್ದ ವಿಷಯವನ್ನೂ ಬಿಡಲಿಲ್ಲ.

"ಅವ್ಳು ಬೇಡ ಅಂದ್ಮೇಲೂ ಹೊಡಿ ಅಂದ್ರಾ?"

"ಹೂಂ ಅತ್ತೆ."

"ಒಂದ್ ವರ್ಷದಿಂದ ನಾನು ನನ್ ಮಗಳನ್ನ ಬೈತಿದ್ದೆ. ನೀವು ಅಲ್ಲೇ ಕೂತು ಕೇಳಿಸ್ಕೊಂತಿದ್ರಿ." ಆಮೇಲೆ, "ಫೋನ್ ಅವ್ಳಿಗೆ ಕೊಡಿ," ಅಂದರು.

ಕೊಟ್ಟೆ. ಅವಳು ಸ್ಪೀಕರ್ ಆರಿಸಿ ಅಡಿಗೆಮನೆಗೆ ಹೋದಳು. ಏನು ಮಾತಾಡಿಕೊಂಡರೋ ನನಗೆ ತಿಳಿಯದು. ಅತ್ತೆ ಆ ದಿನದಿಂದ ಈವರೆಗೂ ನನ್ನನ್ನು ಫೋನಿಗೆ ಕರೆದಿಲ್ಲ. ನಾನೂ ಕೊಡು ಎಂದು ಕೇಳಿಲ್ಲ.

ಅವಳು ಹೊರಗೆ ಬಂದಾಗ ನಾನು ತಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದೆ. ಅವಳು ಹತ್ತಿರ ಬಂದು ಬಲಗೈಯಲ್ಲಿ ಅಕ್ಷತೆ ತೆಗೆದುಕೊಂಡಳು. ಸೂಜಿಡಬ್ಬಿಯ ಮೇಲೆ ಹಾಕಿದಳು. ಚಾಕುವಿನ ಮೇಲೆ, ಕಾರಿನ ಕೀಲಿಯ ಮೇಲೆ ಹಾಕಿದಳು. ನನ್ನ ವರ್ನಿಯರ್ ಮೇಲೆ ಹಾಕಲಿಲ್ಲ.